ಏರ್‌ಪೋರ್ಟ್‌ಗೆ ಬರೀ 15 ನಿಮಿಷ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರನ್ನು ಈಗ ಯಾರೂ ನಂಬುವುದಿಲ್ಲ. ದೇವನಹಳ್ಳಿಯ ಸೈಟು ಏರ್‌ಪೋರ್ಟ್‌ಗೆ 15 ನಿಮಿಷ. ಸೂಲಿಬೆಲೆಯದ್ದೂ 15 ನಿಮಿಷ. ದೊಡ್ಡಬಳ್ಳಾಪುರ ದಾಟಿ ಸಾಸಲು ಹೋಬಳಿಯಲ್ಲಿ ಮೊನ್ನೆ ಕಲ್ಲು ನೆಟ್ಟ ಸೈಟೂ ಬ್ರೋಷರ್ ಪ್ರಕಾರ 15 ನಿಮಿಷವೇ. ಆ ನಿಮಿಷ ಯಾರ ಗಡಿಯಾರದ್ದು ಅಂತ ಕೇಳಬಾರದು. ಬೆಳಗಿನ ಜಾವ ಮೂರು ಗಂಟೆಗೆ, ಎದುರಿಗೆ ಒಂದೂ ಲಾರಿ ಇಲ್ಲದಾಗ, ಹಂಪುಗಳು ರಜೆ ಹಾಕಿದ ದಿನ ಹೊರಟರೆ ಲೆಕ್ಕ ಸರಿಹೋದೀತು.

ಅದೇ ಬ್ರೋಷರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಎಷ್ಟು ನಿಮಿಷ, ಕೊನೇ ಬಸ್ಸು ಎಷ್ಟು ಹೊತ್ತಿಗೆ ಎನ್ನುವುದು ಇರುವುದಿಲ್ಲ. ಸೈಟು ತೆಗೆದುಕೊಂಡವನು ಅಲ್ಲಿಗೆ ಬರುವುದು ಯಾವಾಗಲೋ. ಅಲ್ಲಿಂದ ಹಾರಿಹೋಗುವ ಅನುಕೂಲ ಇದ್ದರೆ ಸಾಕು.

ಕೆಂಪೇಗೌಡ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ, ಸುಮಾರು 4,000 ಎಕರೆಯಲ್ಲಿ. ಅಲ್ಲಿಂದೀಚೆಗೆ ಈ ಜಿಲ್ಲೆಯಲ್ಲಿ ಭೂಮಿಗೆ ಬೆಲೆ ಕಟ್ಟುವುದು ಅದರ ಮೇಲೆ ಏನಿದೆ ಎಂಬುದನ್ನು ನೋಡಿ ಅಲ್ಲ, ಪಕ್ಕದಲ್ಲಿ ಏನು ಬರಲಿದೆ ಎಂಬುದನ್ನು ಕೇಳಿ. ಮೆಟ್ರೋ ಬರುತ್ತೆ. ದೇವನಹಳ್ಳಿಗೆ ಉಪನಗರ ರೈಲು ಬರುತ್ತೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮಧ್ಯೆ 5,800 ಎಕರೆಯಲ್ಲಿ ‘ಕ್ವಿನ್ ಸಿಟಿ’ ಎಂಬ ಹೊಸ ನಗರ ಬರುತ್ತೆ. ಅದಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆಯೂ ಸಿಕ್ಕಿದೆ. ನೆಲಮಂಗಲದವರಿಗೆ ಮಾತ್ರ ವಿಮಾನದ ಭಾಗ್ಯ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಎರಡನೇ ವಿಮಾನ ನಿಲ್ದಾಣದ ಜಾಗ ನೋಡುವುದಕ್ಕೆ ಅಧಿಕಾರಿಗಳ ತಂಡ ಕುಣಿಗಲ್ ರಸ್ತೆಯ ಕಡೆ ಬಂದು ಹೋದ ಮೇಲೆ ಆ ಕೊರತೆಯೂ ನೀಗಿತು. ಮೊದಲ ನಿಲ್ದಾಣದ ಒಪ್ಪಂದದ ಪ್ರಕಾರ 2033ರವರೆಗೆ 150 ಕಿ.ಮೀ. ವ್ಯಾಪ್ತಿಯಲ್ಲಿ ಇನ್ನೊಂದು ನಿಲ್ದಾಣ ನಡೆಸುವಂತಿಲ್ಲ. ಇರಲಿ, ಏಜೆಂಟರಿಗೆ ಯಾವ ಒಪ್ಪಂದವೂ ಅನ್ವಯಿಸುವುದಿಲ್ಲ. “ಅಣ್ಣಾ, ಇವತ್ತು ಟೋಕನ್ ಅಡ್ವಾನ್ಸ್ ಹಾಕ್ಬಿಡಿ. ವಿಮಾನ ಬಂದ್ಮೇಲೆ ನನ್ ಬೈಕೊಂಬೇಡಿ.” ಅಧಿಕಾರಿಗಳ ಕಾರಿನ ಧೂಳು ಅಡಗುವ ಮೊದಲೇ ಈ ಮಾತು ಶುರು.

ಇಡೀ ವ್ಯವಹಾರದ ಗುಟ್ಟು ಇರುವುದು ಅಳತೆಪಟ್ಟಿಯಲ್ಲಿ. ರೈತ ಮಾರುವುದು ಎಕರೆ ಲೆಕ್ಕದಲ್ಲಿ. ಮಧ್ಯದವನು ಮಾತಾಡುವುದು ಗುಂಟೆ ಲೆಕ್ಕದಲ್ಲಿ. ಬೆಂಗಳೂರಿನವನು ಕೊಳ್ಳುವುದು ಚದರಡಿ ಲೆಕ್ಕದಲ್ಲಿ. ಒಂದು ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಕಳೆದು ಅರ್ಧಕ್ಕಿಂತ ಕೊಂಚ ಹೆಚ್ಚು ಉಳಿದರೂ 30-40ರ ಸುಮಾರು 20 ಸೈಟು ಏಳುತ್ತವೆ. ಮಣ್ಣು ಅದೇ, ಬಿದ್ದ ಮಳೆ ಅಷ್ಟೇ, ನಡುವೆ ಯಾರೂ ಒಂದು ಕಾಳು ಬಿತ್ತಿಲ್ಲ. ಪಹಣಿ ಹೋಗಿ ಇ-ಸ್ವತ್ತು ಬಂತು, ಅಷ್ಟರಲ್ಲಿ ಒಬ್ಬನಿಗೆ ಫಾರ್ಚೂನರ್ ಬಂತು. ಭೂಮಿ ಕೊಟ್ಟವನ ಮಗ ಅದೇ ಬಡಾವಣೆಯ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು, ತನ್ನ ಅಜ್ಜ ರಾಗಿ ಕಣ ಮಾಡಿದ್ದ ಜಾಗಕ್ಕೆ ಬರುವವರ ಕಾರಿನ ನಂಬರು ಬರೆದುಕೊಳ್ಳುತ್ತಾನೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದಮೇಲೆ ಇನ್ನೂ ಸಲೀಸಾಯಿತು. ಸೈಟು ಬೇಡವೇ? ಫಾರ್ಮ್ ಪ್ಲಾಟ್ ತಗೊಳ್ಳಿ. ಮಾವಿನ ಗಿಡ ಅವರೇ ನೆಡುತ್ತಾರೆ, ನೀರು ಅವರೇ ಹಾಕುತ್ತಾರೆ, ಫೋಟೋ ವಾಟ್ಸ್ಯಾಪಿಗೆ ಬರುತ್ತದೆ. ಕೈ ಕೆಸರಾಗದೆಯೇ ನೀವು ರೈತರು.

ಬಡಾವಣೆಗಳನ್ನು ಒಂದು ಸಲ ನೋಡಬೇಕು. ಮೈಸೂರು ಅರಮನೆಗೆ ಸವಾಲು ಹಾಕುವ ಆರ್ಚ್, ಸುಣ್ಣ ಬಳಿದ ಕಲ್ಲುಗಳು, ಪಾರ್ಕಿನಲ್ಲಿ ಸಿಮೆಂಟಿನ ಜಿಂಕೆ, ಎದೆಮಟ್ಟ ಪಾರ್ಥೇನಿಯಂ. ದ್ರಾಕ್ಷಿ ಚಪ್ಪರ ಕಿತ್ತು ಮಾಡಿದ್ದಕ್ಕೆ ‘ವೈನ್‌ಯಾರ್ಡ್’ ಎಂದು ಹೆಸರು, ಕೆರೆಯಂಚು ಒತ್ತಿಕೊಂಡಿದ್ದಕ್ಕೆ ‘ಲೇಕ್ ವ್ಯೂ’. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಬೆಂಗಳೂರು ನೀಲಿ ದ್ರಾಕ್ಷಿಗೂ ಸಿಕ್ಕಿದೆ. ಪ್ರಮಾಣಪತ್ರ ಭದ್ರವಾಗಿದೆ; ಭೂಗೋಳದ್ದೇ ಚಿಂತೆ. ಮನೆ ಮಾತ್ರ ಅಲ್ಲೊಂದು ಇಲ್ಲೊಂದು. ಉಳಿದ ಸೈಟುಗಳ ಯಜಮಾನರು ಜಯನಗರದಲ್ಲೋ ಸಿಂಗಪುರದಲ್ಲೋ ಇದ್ದು, ವರ್ಷಕ್ಕೊಮ್ಮೆ ಕಲ್ಲು ಅಲುಗಾಡಿಲ್ಲವಷ್ಟೇ ಎಂದು ನೋಡಿ ಹೋಗುತ್ತಾರೆ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಮಾರ್ಕೆಟ್ (Marquette), ಲಿಂಕನ್ ಎಂಬ ಎರಡು ಪುಟ್ಟ ಊರುಗಳಿವೆ. ಜನ ಊರು ಬಿಡುತ್ತಿದ್ದಾರೆ ಅಂತ ಅಲ್ಲಿ ಪುಕ್ಕಟೆ ಸೈಟು ಕೊಟ್ಟರು. ಷರತ್ತು ಇಷ್ಟೇ: ಹೇಳಿದ ಅವಧಿಯೊಳಗೆ ಮನೆ ಕಟ್ಟಬೇಕು. ಪಾಪ, ವ್ಯಾಪಾರ ಗೊತ್ತಿಲ್ಲದ ಜನ. ನಮ್ಮಲ್ಲಿ ಜೀವಮಾನದ ಉಳಿತಾಯ ಸುರಿದರೂ ಮನೆ ಕಟ್ಟು, ಬಂದು ಬಾಳು ಎಂದು ಯಾರೂ ಪೀಡಿಸುವುದಿಲ್ಲ.

ನಿಜಕ್ಕೂ ಮನೆ ಬೇಕಾದವರು ಬೇರೆ ಇದ್ದಾರೆ. ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತುವವರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ದೇವನಹಳ್ಳಿ ಬಳಿ ಐಫೋನ್ ಜೋಡಿಸುವವರು. ಇವರಿಗೆ ಬ್ರೋಷರ್ ಇಲ್ಲ. ಹತ್ತಡಿ-ಹತ್ತಡಿಯ ಶೀಟಿನ ರೂಮು, ಸಾಲಿಗೊಂದು ಕಕ್ಕಸು, ಒಂದು ಬೀಗಕ್ಕೆ ಎರಡು ಪಾಳಿ: ಹಗಲು ದುಡಿದವರು ರಾತ್ರಿ ಮಲಗುತ್ತಾರೆ, ರಾತ್ರಿ ದುಡಿದವರು ಹಗಲು. ಪಕ್ಕದಲ್ಲೇ ಬೇಲಿ ಹಾಕಿದ ನೂರಾರು ಖಾಲಿ ಸೈಟುಗಳ ಮೇಲೆ ಬೆಳುದಿಂಗಳು ಯಥೇಚ್ಛವಾಗಿ ಬೀಳುತ್ತಿರುತ್ತದೆ.

ನೀರಿನ ವಿಷಯ ಎತ್ತಿದರೆ ಏಜೆಂಟರು ಮಾತು ಬದಲಿಸುತ್ತಾರೆ. ನಾನು ಬದಲಿಸುವುದಿಲ್ಲ. ಸಾವಿರ ಅಡಿ ಕೊರೆದರೂ ಧೂಳೇ ಬರುವ ಕೊಳವೆಬಾವಿಗಳು ನಾಲ್ಕೂ ತಾಲ್ಲೂಕಿನಲ್ಲಿವೆ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಎತ್ತಿ ತರುವ ಬೆಂಗಳೂರು ಮಿಂದು, ತೊಳೆದು, ಫ್ಲಷ್ ಮಾಡಿ ಮುಗಿಸಿದ ನೀರನ್ನು ಎರಡು ಹಂತ ಸೋಸಿ ಈ ಕಡೆಗೆ ದಯಪಾಲಿಸುತ್ತದೆ. ಅದರ ಹೆಸರು ಹೆಬ್ಬಾಳ-ನಾಗವಾರ ಕಣಿವೆ ಯೋಜನೆ. ಲೆಕ್ಕ ದಿನಕ್ಕೆ 21 ಕೋಟಿ ಲೀಟರ್, ಪಾಲು ನಮ್ಮ ಜಿಲ್ಲೆಗೂ ಚಿಕ್ಕಬಳ್ಳಾಪುರಕ್ಕೂ. ಮೂರನೇ ಹಂತವನ್ನೂ ಸೋಸಿ ಕೊಡಿ ಎಂದು ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಇನ್ನು ಈ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆ. 2014ರ ಮಾರ್ಚಿನಲ್ಲಿ ಶಂಕುಸ್ಥಾಪನೆ, 2024ರ ಗೌರಿಹಬ್ಬದ ದಿನ ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆ. 8,323 ಕೋಟಿ ಇದ್ದ ಅಂದಾಜು 12,912 ಕೋಟಿಯಾಗಿ, ಅಲ್ಲಿಂದ 23,251 ಕೋಟಿಗೆ ಹತ್ತಿತು. ಯೋಜನೆಯಲ್ಲಿ ಪಂಪಿನ ಸಹಾಯವಿಲ್ಲದೆ ಮೇಲಕ್ಕೆ ಹರಿದದ್ದು ಇದೊಂದೇ.

ಬೆಂಗಳೂರು ನಮಗೆ ಬೇರೆ ಉಡುಗೊರೆಗಳನ್ನೂ ಕಳಿಸಿದೆ. ಅದರ ಕಸ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿ ಕಡೆಗೆ ಬಂತು. ಊರವರು ಲಾರಿಗೆ ಅಡ್ಡ ನಿಂತು ಸಾಕಾದರು. ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಲ್ಲಿ ನಗರದ, ಕಾರ್ಖಾನೆಯ ಕೊಳಚೆ ತುಂಬಿ ಜನ ಬೀದಿಗಿಳಿದರು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ತವರು ಬಿಟ್ಟು ಹೊರಡುವ ಮೊದಲೇ ಈ ಗತಿ. ‘ಲೇಕ್ ವ್ಯೂ’ ಮನೆಯವರು ಕಿಟಕಿ ಮುಚ್ಚಿ ಎಸಿ ಹಾಕಿಕೊಳ್ಳಬಹುದು.

ರಸ್ತೆಗಳು ಒಳ್ಳೆಯವು ಎಂದು ಒಪ್ಪಲೇಬೇಕು. ಬೆಂಗಳೂರಿಗೆ ಹೋಗಲು ಸಾದಹಳ್ಳಿಯಲ್ಲಿ ಟೋಲ್, ಯಲಹಂಕ ಕಡೆಗೆ ಮಾರಸಂದ್ರದಲ್ಲಿ ಟೋಲ್, ವರ್ತುಲ ರಸ್ತೆ ಹತ್ತಿದರೆ ನಲ್ಲೂರಿನಲ್ಲಿ, ಹುಲಿಕುಂಟೆಯಲ್ಲಿ. ಹಿಂದಿನ ಪಾಳೇಗಾರರಿಗೂ ಇಷ್ಟು ಸುಂಕದಕಟ್ಟೆ ಇದ್ದವೋ ಇಲ್ಲವೋ!

ಇಂಥ ಜಿಲ್ಲೆಯಲ್ಲಿ ಭೂಮಿ ಕೊಡುವುದಿಲ್ಲ ಎಂದವರ ಧೈರ್ಯ ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಬೇಕೆಂದು ಕೇಳಿದಾಗ, ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವು ಎಂದರು. ಅಂದೇ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿ 8,000 ಎಕರೆ ಸಿದ್ಧವಿದೆ ಬನ್ನಿ ಎಂದು ಉದ್ಯಮಿಗಳನ್ನು ಕರೆದರು. ಅಯ್ಯೋ, ಅಭಿವೃದ್ಧಿ ಗಡಿ ದಾಟಿ ಹೋಯಿತಲ್ಲ ಎಂದು ಸೋಫಾದ ಮೇಲೆ ಕೂತು ಮರುಗಿದವರು ಬಹಳ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಹಾಲು ಇಷ್ಟನ್ನೇ ನೆಚ್ಚಿಕೊಂಡು ಅಲ್ಲೇ ಬದುಕುತ್ತೇವೆ ಎನ್ನುವವರು ನಮ್ಮ ಮಾರುಕಟ್ಟೆಗೆ ದೊಡ್ಡ ತಲೆನೋವು. ಬದುಕುವವರಿದ್ದರೆ ಸೈಟಿನ ಕಲ್ಲು ಎಲ್ಲಿ ನೆಡಬೇಕು?

ಅದಕ್ಕೆ ಎರಡು ವಾರ ಮೊದಲು, ಜುಲೈ 2ರಂದು, ನಂದಿಬೆಟ್ಟದಲ್ಲಿ ಸಚಿವ ಸಂಪುಟ ಸೇರಿ ಈ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. 1986ರಲ್ಲಿ ಹುಟ್ಟಿದ ಜಿಲ್ಲೆ ಇದು. ಮೂವತ್ತು ವರ್ಷ ಕಳೆದರೂ ಇದರ ಜಿಲ್ಲಾಧಿಕಾರಿ ಕಚೇರಿ ಬೆಂಗಳೂರು ನಗರದೊಳಗೇ ಇತ್ತು. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿಗೆ ಬಂದದ್ದು ಆಮೇಲೆ. ಬೋರ್ಡು ಬದಲಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ ನಿಜ, ಆದರೆ ಬ್ರೋಷರಿನಲ್ಲಿ ‘ಬೆಂಗಳೂರು ನಾರ್ತ್’ ಎಂದು ಸುಳ್ಳು ಹೇಳುತ್ತಿದ್ದವರು ಒಂದೇ ಬೈಠಕ್ಕಿನಲ್ಲಿ ಸತ್ಯವಂತರಾದರು.

ಈ ಭಾನುವಾರ ನೀವೂ ಸೈಟು ನೋಡಲು ಹೊರಟಿರಬಹುದು. ಬೇಡ ಎನ್ನುವುದಿಲ್ಲ. ಏಜೆಂಟರ ಕಾರಿನಲ್ಲಿ ಮಾತ್ರ ಹೋಗಬೇಡಿ. ಸೋಮವಾರ ಸಂಜೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ. ಇಳಿದು ಆರ್ಚಿನ ಪಕ್ಕದ ಹಳ್ಳಿಯ ಯಾವುದಾದರೂ ಮನೆಯ ಮುಂದೆ ನಿಂತು, “ಅಮ್ಮಾ, ಇಲ್ಲಿ ನೀರು ಎಷ್ಟು ದಿನಕ್ಕೊಂದ್ ಸಲ ಬಿಡ್ತಾರೆ?” ಅಂತ ಕೇಳಿ. ವಾಪಸ್ ಬಸ್ಸು ಸಿಕ್ಕಿದರೆ ಮನೆಗೆ ಬಂದು ಯೋಚಿಸಿ. ಅಡ್ವಾನ್ಸು ಮಂಗಳವಾರವೂ ಕೊಡಬಹುದು, ಅವರು ಬೇಡ ಎನ್ನುವುದಿಲ್ಲ.