ಗ್ರೂಪಿಗೆ ಹಾಕ್ರೀ!

ಕರೆಂಟು ಹೋದರೆ ಹಿಂದೆ ಮೋಂಬತ್ತಿ ಹುಡುಕುತ್ತಿದ್ದೆವು, ಈಗ ಮೊಬೈಲು ಹುಡುಕುತ್ತೇವೆ. ಬೆಳಕಿಗೆ ಅಂದುಕೊಂಡಿರಾ? 'ನಿಮ್ಮಲ್ಲೂ ಹೋಯ್ತಾ?' ಅಂತ ಕೇಳುವುದಕ್ಕೆ. ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಆ ಪ್ರಶ್ನೆ ಬಿದ್ದದ್ದೇ ತಡ, 'ಸೆಕೆಂಡ್ ಕ್ರಾಸಲ್ಲೂ ಇಲ್ಲ', 'ಪಾರ್ಕ್ ಕಡೆ ಇದೆ', 'ನಮ್ಮಲ್ಲಿ ಒಂದು ಫೇಸ್ ಮಾತ್ರ ಬರ್ತಿದೆ' ಅಂತ ಸಾಲುಸಾಲು ಉತ್ತರ. ಇಡೀ ರಸ್ತೆಗೇ ಕತ್ತಲು ಅಂತ ಖಾತ್ರಿಯಾದಾಗ ಆಗುವ ನೆಮ್ಮದಿ ಇದೆಯಲ್ಲ, ಕರೆಂಟು ವಾಪಸ್ ಬಂದಾಗಲೂ ಅಷ್ಟು ಆಗುವುದಿಲ್ಲ. ಎದುರುಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದ್ದರೆ ನಮ್ಮ ಹೊಟ್ಟೆಯೂ ಜೊತೆಗೇ ಉರಿಯುತ್ತದೆ. ಕಾಲು ಗಂಟೆ ಕಳೆದ ಮೇಲೆ ಯಾರೋ ಪುಣ್ಯಾತ್ಮರು 'ಯಾರಾದ್ರೂ 1912ಕ್ಕೆ ಫೋನ್ ಮಾಡಿದ್ರಾ?' ಅಂತ ಕೇಳುತ್ತಾರೆ. ಬೇರೆಯವರು ಮಾಡಿರುತ್ತಾರೆ ಅಂತ ನಂಬಿ ಬಡಾವಣೆಗೆ ಬಡಾವಣೆಯೇ ಸುಮ್ಮನೆ ಕೂತಿದೆ ಅನ್ನುವ ಗುಟ್ಟು ಆಗ ಬಯಲಾಗುತ್ತದೆ.

ಬೆಂಗಳೂರಿನಲ್ಲಿ ಸೈಟು ಸಿಗುವುದು ಕಷ್ಟ, ಗ್ರೂಪು ಸಿಗುವುದು ಬಲು ಸುಲಭ. ಹೊಸ ಬಾಡಿಗೆಯವರ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಅವರ ನಂಬರು ಸೇರಿಸಿಯಾಗಿರುತ್ತದೆ. ಮೊದಲೆಲ್ಲ 256 ಜನರಾದ ಕೂಡಲೇ 'ಹೌಸ್ ಫುಲ್' ಅನ್ನುತ್ತಿದ್ದ ವಾಟ್ಸ್‌ಆ್ಯಪ್, 2022ರಲ್ಲಿ ಆ ಮಿತಿಯನ್ನು 512ಕ್ಕೆ ಏರಿಸಿತು. ಅದೂ ಸಾಲದು ಅನ್ನಿಸಿ ಅದೇ ವರ್ಷ 1,024 ಮಾಡಿತು. ಇಷ್ಟು ಜನಕ್ಕೆ ಊಟ ಹಾಕಬೇಕಾದರೆ ಛತ್ರದಲ್ಲಿ ನಾಲ್ಕು ಪಂಕ್ತಿಯಾದರೂ ಬೇಕು. ಜಗಳಕ್ಕೆ ಒಂದೇ ಪಂಕ್ತಿ ಸಾಕು.

ಗ್ರೂಪು ಹುಟ್ಟಿದ ಮೇಲೆ ಒಡೆಯಲೇಬೇಕು. ನಮ್ಮ ಜನತಾ ಪರಿವಾರ ಒಡೆದ ಹಾಗೆ ಒಡೆಯುತ್ತದೆ. ಪ್ರತಿ ಚೂರಿಗೂ ತಾನೇ ಅಸಲಿ ಅನ್ನುವ ಹೆಮ್ಮೆ. 'ಅಫಿಷಿಯಲ್' ಅಂತ ಒಂದು, ಅದರಿಂದ ಸಿಟ್ಟುಮಾಡಿಕೊಂಡು ಹೊರಟವರದ್ದು 'ನಿಜವಾದ ನಿವಾಸಿಗಳು' ಅಂತ ಇನ್ನೊಂದು. ಮಾರುವ ಕೊಳ್ಳುವ ಗ್ರೂಪು, ನಾಯಿ ಸಾಕಿದವರ ಗ್ರೂಪು, ಮಾಲೀಕರು ಮಾತ್ರ ಇರುವ ಗ್ರೂಪು. ಇನ್ನೂ ಒಂದಿರುತ್ತದೆ: ಅಡ್ಮಿನ್ ಇಲ್ಲದ ಗ್ರೂಪು. ಅಂದರೆ ಅಡ್ಮಿನ್ ಸಾಹೇಬರನ್ನು ಬಿಟ್ಟು ಉಳಿದವರೆಲ್ಲ ಇರುವಂಥದ್ದು. ಅವರ ಬಗ್ಗೆ ಮಾತಾಡಲೊಂದು ಜಾಗ ಬೇಡವೇ?

ಪಾಪ, ಅಡ್ಮಿನ್ ಸಾಹೇಬರೂ ಮನುಷ್ಯರೇ. ಸಾಮಾನ್ಯವಾಗಿ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಮೂವತ್ತು ವರ್ಷ ಸರ್ಕ್ಯುಲರ್ ಹೊರಡಿಸಿ ನಿವೃತ್ತರಾದವರು. ಕೈ ಸುಮ್ಮನಿರುವುದಿಲ್ಲ. 'ಗುಡ್ ಮಾರ್ನಿಂಗ್ ಚಿತ್ರ ಹಾಕಕೂಡದು' ಅಂತ ನಿಯಮ ಪಿನ್ ಮಾಡುತ್ತಾರೆ; ಅದರ ಕೆಳಗೇ ಹದಿನೈದು ಜನ ಗುಲಾಬಿ ಹೂವಿನ ಮೇಲೆ ಸೂರ್ಯೋದಯ ಇಟ್ಟು 'ಗುಡ್ ಮಾರ್ನಿಂಗ್ ಸರ್' ಅನ್ನುತ್ತಾರೆ. ಒಬ್ಬ ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಅಂತ 2021ರಲ್ಲಿ ಬಾಂಬೆ ಹೈಕೋರ್ಟು, 2022ರಲ್ಲಿ ಕೇರಳ ಹೈಕೋರ್ಟು ಹೇಳಿದ್ದನ್ನು ಅವರು ಕಂಠಪಾಠ ಮಾಡಿದ್ದಾರೆ. ಯಾರಾದರೂ 'ಸರ್, ನೀವು ಏನೂ ಮಾಡ್ತಿಲ್ಲ' ಅಂದರೆ ಸಾಕು, ಅದನ್ನೇ ಒಪ್ಪಿಸುತ್ತಾರೆ.

ಉಳಿದ ಪ್ರಜೆಗಳಲ್ಲಿ ಹೆಬ್ಬೆರಳಿನವರೇ ಬಹುಸಂಖ್ಯಾತರು. ಬೋರ್‌ವೆಲ್ ಬತ್ತಿತು ಅಂದರೂ ಹೆಬ್ಬೆರಳು, ಬಾಡಿಗೆ ಹೆಚ್ಚಿತು ಅಂದರೂ ಹೆಬ್ಬೆರಳು. ಇನ್ನು ಕೆಲವರು ಏನೋ ಬರೆದು ಅರ್ಧ ನಿಮಿಷಕ್ಕೆ ಅಳಿಸಿಬಿಡುತ್ತಾರೆ. ಇಡೀ ಗ್ರೂಪಿನಲ್ಲಿ ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಆ ಅಳಿಸಿದ ಮೆಸೇಜಿನ ಬಗ್ಗೆಯೇ. ಭಾಷೆಯ ಕದನವೂ ವರ್ಷಕ್ಕೊಮ್ಮೆ ನಡೆಯಬೇಕು. 'ದಯವಿಟ್ಟು ಎಲ್ಲರೂ ಕನ್ನಡದಲ್ಲೇ ಬರೆಯಿರಿ' ಅಂತ ನಮ್ಮಲ್ಲೊಬ್ಬರು ಗುಡುಗಿದರು. ಗುಡುಗಿದ್ದು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ.

ಎಲ್ಲರೂ ಒಟ್ಟಿಗೆ ಮಾತಾಡುವುದರ ಮಜವೇ ಬೇರೆ. ಅಪಾರ್ಟ್‌ಮೆಂಟಿನ ನೀರಿನ ಮೋಟರು ಸುಟ್ಟುಹೋದ ದಿನವೇ ಮೇಲಿನ ಮನೆಯವರಿಗೆ ಮೊಮ್ಮಗಳು ಹುಟ್ಟಬೇಕೇ?

'ಮೋಟರ್ ಹೋಗಿದೆ. ಮೆಕ್ಯಾನಿಕ್ ಬಂದು ನೋಡ್ತಿದ್ದಾನೆ.'

'ನಮಗೆ ಮೊಮ್ಮಗಳು ಹುಟ್ಟಿದ್ದಾಳೆ. ತಮ್ಮೆಲ್ಲರ ಆಶೀರ್ವಾದ ಇರಲಿ.'

'ಕಂಗ್ರಾಟ್ಸ್ ಸರ್! ತೂಕ ಎಷ್ಟು?'

'ಐದು ಎಚ್‌ಪಿ.'

'ಈ ಸಲ ಒಳ್ಳೇ ಕಂಪನಿದು ಹಾಕ್ಸಿ. ಹಳೇದು ಮೂರೇ ವರ್ಷ ಬಂತು.'

'ಲಕ್ಷ್ಮಿ ಬಂದಳು ಅನ್ಕೊಳ್ಳಿ.'

ಅಜ್ಜನಾದವರು ಆ ದಿನ ರಾತ್ರಿವರೆಗೂ ಗ್ರೂಪಿನ ಕಡೆ ತಲೆ ಹಾಕಲಿಲ್ಲವಂತೆ.

ನಗುವುದು ಇದ್ದದ್ದೇ. ಆದರೆ ಈ ಗ್ರೂಪು ಒಂದು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆಂದರೆ, ಅದಕ್ಕಾಗಿ ಉಳಿದ ಕಾಟವನ್ನೆಲ್ಲ ಸಹಿಸಬಹುದು. ಕೂಗಿ ಕರೆಯುವುದು ಆ ಕೆಲಸ. 'ಒಂದು ಎಸಳು ಕರಿಬೇವು ಯಾರಲ್ಲಿದೆ?' ಅಂದರೆ ಮೂರು ಮನೆಯಿಂದ ಬರುತ್ತದೆ. ಗೌರಿ-ಗಣೇಶ ಹಬ್ಬಕ್ಕೆ ಕಡುಬು, ಯುಗಾದಿಗೆ ಹೋಳಿಗೆ ಮಾಡಿಕೊಡುವ ಗೃಹಿಣಿಯರಿಗೆ ಅಂಗಡಿ ಬಾಡಿಗೆಯಿಲ್ಲ, ಬೋರ್ಡಿಲ್ಲ. ಒಂದು ಫೋಟೊ ಹಾಕಿದರೆ ಸಂಜೆಯೊಳಗೆ ಆರ್ಡರು ಭರ್ತಿ. 2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೇ ಅಲೆ ಎದ್ದಾಗ ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ, ಆಕ್ಸಿಜನ್ ಸಿಲಿಂಡರ್ ಎಲ್ಲಿ ತುಂಬಿಸುತ್ತಾರೆ, ಕ್ವಾರಂಟೈನಿನಲ್ಲಿರುವ ಮುದುಕ ದಂಪತಿಗೆ ಊಟ ಯಾರು ಕೊಡುತ್ತಾರೆ ಅನ್ನುವುದು ಇತ್ಯರ್ಥವಾಗುತ್ತಿದ್ದುದು ಇಂಥ ಗ್ರೂಪುಗಳಲ್ಲೇ. ಅಲ್ಲಿಯವರೆಗೆ ಪಾರ್ಕಿಂಗಿಗಾಗಿ ಕಿತ್ತಾಡಿದವರೇ ಬಾಗಿಲ ಹಿಡಿಗೆ ಸಾರು-ಅನ್ನದ ಚೀಲ ನೇತುಹಾಕಿ ಬಂದರು.

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ನೀರು ನುಗ್ಗಿತಲ್ಲ, ಕೋಟಿಗಟ್ಟಲೆ ಬೆಲೆಯ ಮನೆಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಆ ವಾರ, ಯಾವ ರಸ್ತೆಯಲ್ಲಿ ನೀರು ಎಷ್ಟಿದೆ, ಟ್ರ್ಯಾಕ್ಟರ್ ಎಲ್ಲಿ ನಿಂತಿದೆ ಅಂತ ದಾರಿ ತೋರಿಸಿದ್ದೂ ಇವೇ ಗ್ರೂಪುಗಳು. ಅದಕ್ಕೂ ಹಿಂದೆ, 2016ರಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಾಗ 'ಬೇಡ' ಅನ್ನುವ ಕೂಗು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಅಕ್ಟೋಬರಿನ ಒಂದು ಭಾನುವಾರ ಜನ ಬೀದಿಗಿಳಿದು ಕೈಗೆ ಕೈ ಸೇರಿಸಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ಮೊಬೈಲು ಕರೆಯಿತು ನಿಜ, ಆದರೆ ಜನ ಮನೆ ಬಿಟ್ಟು ಹೊರಗೆ ಬಂದದ್ದರಿಂದ ಕೆಲಸವಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರೆಯುವುದನ್ನು ಬಿಟ್ಟು ಗ್ರೂಪು ತೀರ್ಪು ಕೊಡಲು ಕೂತಿತೋ, ಅಲ್ಲಿಗೆ ಕೆಟ್ಟಿತು. ಒಂದು ಬೆಳಗ್ಗೆ ನಮ್ಮ ಗ್ರೂಪಿಗೆ ಸಿಸಿಟಿವಿಯ ಮಸುಕು ಫೋಟೊ ಒಂದು ಬಂತು. ತಲೆಗೆ ಟೋಪಿ, ಹೆಗಲಿಗೆ ಬ್ಯಾಗು. 'ಈ ವ್ಯಕ್ತಿ ಪ್ರತಿ ಮನೆಯ ಗೇಟಿನೊಳಗೂ ಇಣುಕುತ್ತಿದ್ದಾನೆ, ಎಚ್ಚರ!' ಅಂತ ಕೆಳಗೆ ಒಕ್ಕಣೆ. 'ನಮ್ಮ ಗೋಡೆ ಹತ್ತಿರ ನಿಂತು ಏನೋ ಬರ್ಕೊಂಡ' ಅಂತ ಒಬ್ಬರು. 'ಕೈಯಲ್ಲಿ ಮಷೀನಿದೆ, ಕಾರಿನ ಲಾಕ್ ತೆಗೆಯೋದಿರಬೇಕು' ಅಂತ ಇನ್ನೊಬ್ಬರು. ಇವರು ಓದಿರುವುದು ಇಂಜಿನಿಯರಿಂಗು. 'ಹೋದ ತಿಂಗಳೂ ಇದೇ ಹೊತ್ತಿಗೆ ಬಂದಿದ್ದ' ಅಂತ ಮೂರನೆಯವರು ಸಾಕ್ಷಿ ನುಡಿದರು. ಆಗ ಗ್ರೂಪಿನಲ್ಲಿ ಎಂದೂ ಬಾಯಿ ಬಿಡದ ಮೂಲೆಮನೆ ಅಜ್ಜಿಯಿಂದ ಒಂದು ವಾಯ್ಸ್ ಮೆಸೇಜು: 'ಅವ್ನು ಕರೆಂಟ್ ಮೀಟರ್ ಓದೋ ಹುಡ್ಗ ಕಣ್ರಪ್ಪಾ! ಈಗ್ತಾನೆ ನಮ್ಮನೇಲಿ ಮಜ್ಜಿಗೆ ಕುಡ್ದು ಬಿಲ್ ಕೊಟ್ಟು ಹೋದ.'

ಒಬ್ಬರಾದರೂ 'ಛೆ' ಅಂದರೇ? ಚರ್ಚೆ ನೇರವಾಗಿ ಬಿಲ್ಲಿನ ಮೊತ್ತಕ್ಕೆ ತಿರುಗಿತು. ಅಷ್ಟರಲ್ಲಿ ಆ ಹುಡುಗನ ಫೋಟೊ ಪಕ್ಕದ ಬಡಾವಣೆಗಳನ್ನೆಲ್ಲ ಸುತ್ತಾಡುತ್ತಿತ್ತು. ಅಜ್ಜಿಯ ಮಾತನ್ನು ಫಾರ್ವರ್ಡ್ ಮಾಡಿದವರು ಯಾರೂ ಇಲ್ಲ.

ಮಜ್ಜಿಗೆ ಕೊಡುವ ಅಜ್ಜಿ ಎಲ್ಲ ಕಡೆಯೂ ಇರುವುದಿಲ್ಲ. 2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಅನ್ನುವ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲೇ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರ ಪ್ರಾಣ ಹೋಯಿತು; ಅವರ ಜೊತೆಯವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನದ ಮೂಲ. ಆ ವರ್ಷವೇ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅನ್ನುವ ಲಗಾಮು ಬಂತು. 2020ರಲ್ಲಿ, ಬಹಳ ಸಲ ಸುತ್ತಾಡಿದ ಮೆಸೇಜಾದರೆ ಒಂದೇ ಕಡೆಗೆ ಅಂತಾಯಿತು. ಬೆರಳಿಗೆ ಲಗಾಮು ಹಾಕಬಹುದು, ಅನುಮಾನಕ್ಕೆ ಎಲ್ಲಿಂದ ತರುವುದು?

ಇದು ನಮ್ಮವರ ಬುದ್ಧಿ ಮಾತ್ರ ಅಂದುಕೊಳ್ಳಬೇಡಿ. ನೆರೆಹೊರೆಯವರಿಗೆಂದೇ ಅಮೆರಿಕದಲ್ಲಿ 2011ರಲ್ಲಿ 'ನೆಕ್ಸ್ಟ್‌ಡೋರ್' ಅನ್ನುವ ಜಾಲ ಶುರುವಾಯಿತು. ಏಣಿ ಸಾಲ ಕೇಳಲು, ತಪ್ಪಿಸಿಕೊಂಡ ಬೆಕ್ಕು ಹುಡುಕಲು ಇದ್ದ ಜಾಗದಲ್ಲಿ, ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನ ಜನ, ಕಪ್ಪು ವರ್ಣದವರು ಬೀದಿಯಲ್ಲಿ ಸುಮ್ಮನೆ ನಡೆದರೂ 'ಅನುಮಾನಾಸ್ಪದ' ಅಂತ ಬರೆಯತೊಡಗಿದರು. ಗಲಾಟೆಯಾಯಿತು. 2016ರಲ್ಲಿ ಕಂಪನಿ ಫಾರಂ ಬದಲಿಸಿತು: ಮೈಬಣ್ಣ ಹೇಳುವುದಾದರೆ ಉಡುಪು, ಕೂದಲು, ಚಪ್ಪಲಿಯಂಥ ಬೇರೆ ವಿವರವನ್ನೂ ಕೊಡಬೇಕು, ಮುಖ್ಯವಾಗಿ ಆತ ಮಾಡಿದ್ದೇನು ಅಂತ ಬರೆಯಬೇಕು. ಅಷ್ಟು ಕೇಳಿದ ಮೇಲೆ ಎಷ್ಟೋ ಜನಕ್ಕೆ ಬರೆಯಲು ಏನೂ ಉಳಿಯಲಿಲ್ಲ. ನಮ್ಮ ಗ್ರೂಪುಗಳಿಗೂ ಅಂಥದ್ದೊಂದು ಫಾರಂ ಬೇಕು. 'ಬ್ಯಾಚುಲರ್ ಹುಡುಗರು ಬಾಡಿಗೆಗೆ ಬಂದಿದ್ದಾರೆ' ಅಂತ ದೂರು ಕೊಡುವವರನ್ನು 'ಬಂದು ಏನು ಮಾಡಿದರು?' ಅಂತ ಕೇಳಿದರೆ, 'ಬಂದರು' ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಸಿಗಲಿಕ್ಕಿಲ್ಲ.

ಗ್ರೂಪಿನಲ್ಲಿ ಹಗಲೂ ರಾತ್ರಿ ಯಾರ ವಿಚಾರಣೆ ನಡೆಯುತ್ತದೋ ಅವರು ಗ್ರೂಪಿನಲ್ಲೇ ಇರುವುದಿಲ್ಲ. ಮನೆಗೆಲಸದಾಕೆ ಎರಡು ದಿನ ಬರಲಿಲ್ಲ ಅಂತ ಆಕೆಯ ಫೋಟೊ ಸಮೇತ ಎಚ್ಚರಿಕೆ ಬರುತ್ತದೆ. ಆಕೆಗೆ ಉತ್ತರ ಹೇಳಲು ಜಾಗವಿಲ್ಲ. ವಾಚ್‌ಮನ್ ನಿದ್ದೆ ಹೋದ ವಿಡಿಯೊ ಬರುತ್ತದೆ. ಆತ ಹನ್ನೆರಡು ತಾಸಿನ ಪಾಳಿ ಮುಗಿಸಿ, ಬದಲಿ ಬಾರದೆ ಇನ್ನೊಂದು ಪಾಳಿಗೆ ನಿಂತದ್ದು ಬರುವುದಿಲ್ಲ. ಕಸದ ಆಟೋದವರು ಹಸಿ ಕಸ ಒಣ ಕಸ ಬೆರೆಸಿದ ಚೀಲ ಮುಟ್ಟಲಿಲ್ಲ ಅಂತ ಆಕ್ರೋಶ. ಬೆರೆಸಿದ ಕೈ ಯಾರದ್ದು ಅಂತ ಕೇಳುವಷ್ಟರಲ್ಲಿ ಚರ್ಚೆ ಬೀದಿನಾಯಿಗೆ ಹೋಗಿರುತ್ತದೆ. ನಾಯಿಯ ವಿಷಯ ಬಂದರೆ ಮುಗಿಯಿತು. ಊಟ ಹಾಕುವ ಪಕ್ಷ, ಹಾಕಬಾರದೆನ್ನುವ ಪಕ್ಷ. ಊಟ ಹಾಕಲು ಜಾಗ, ಹೊತ್ತು ಗೊತ್ತುಮಾಡುವುದು ನಿವಾಸಿಗಳ ಸಂಘದ್ದೇ ಕೆಲಸ ಅಂತ 2023ರ ನಿಯಮಾವಳಿ ಹೇಳುತ್ತದೆ. ಅದನ್ನು ಎರಡು ಪಕ್ಷದವರೂ ಗ್ರೂಪಿಗೆ ಹಾಕಿದ್ದಾರೆ, ಓದಿದವರು ಮಾತ್ರ ಇದ್ದಂತಿಲ್ಲ.

2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನಮ್ಮವರಿಗೆ ಹಬ್ಬ. ಮಹಡಿ ಮೇಲಿನಿಂದ ಪಕ್ಕದ ಮನೆಯ ಬಕೆಟ್ಟಿನ ಫೋಟೊ! ಸಿಕ್ಕಿಬಿದ್ದವರು 'ಅದು ಅಕ್ಕಿ ತೊಳೆದ ನೀರು' ಅಂದರು. ಕಾರು ಅಷ್ಟು ಬಿಳಿಯಾಗಿರುವುದು ಅದಕ್ಕೇ ಇರಬೇಕು ಅಂತ ಸುಮ್ಮನಾದೆವು. ಈ ಪತ್ತೇದಾರರೇ 'ನಾಳೆಯಿಂದ ಹತ್ತು ದಿನ ಊರಿಗೆ ಹೋಗ್ತಿದ್ದೇವೆ, ತುಳಸಿಗೆ ಯಾರಾದರೂ ನೀರು ಹಾಕಿ' ಅಂತ ನಾನೂರು ಜನಕ್ಕೆ ಸಾರುವವರು. ಕಳ್ಳನಿಗೆ ಇಷ್ಟು ಗೌರವದ ಆಮಂತ್ರಣ ಬೇರೆಲ್ಲೂ ಸಿಗಲಾರದು.

ಹಾಗಾದರೆ ಗ್ರೂಪು ಬಿಟ್ಟುಬಿಡಿ ಅಂತೀರಾ? ಬಿಟ್ಟವರ ಪಾಡು ನೋಡಿದ್ದೇನೆ. 'ಲೆಫ್ಟ್' ಆದ ಮೂರನೇ ದಿನ ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಎದುರುಮನೆ ಬಾಗಿಲು ತಟ್ಟಿದರು. ಎದುರುಮನೆಯವರು ಟ್ಯಾಂಕರಿನ ಹೊತ್ತು ಹೇಳುವ ಮೊದಲು, ಬಿಟ್ಟ ಮೇಲೆ ಯಾರ್‍ಯಾರು ಏನೇನು ಅಂದರು ಅನ್ನುವುದನ್ನು ವಿವರವಾಗಿ ಹೇಳಿದರು.

ಮೊನ್ನೆ ನಮ್ಮ ಸಂಘದ ವಾರ್ಷಿಕ ಸಭೆ ಇತ್ತು. ಗ್ರೂಪಿನಲ್ಲಿ ಗರ್ಜಿಸುವ ನಾನೂರು ಜನರ ಪೈಕಿ ಬಂದವರು ಬೆರಳೆಣಿಕೆಯಷ್ಟು; ಅವರಲ್ಲೂ ಕೆಲವರ ಕಣ್ಣು ಚೌಚೌ ಬಾತಿನ ಮೇಲೆ. ಮಳೆನೀರು ಚರಂಡಿಯ ಹೂಳಿನ ವಿಷಯದಲ್ಲಿ ತಿಂಗಳುಗಟ್ಟಲೆ ಕ್ಯಾಪಿಟಲ್ ಅಕ್ಷರಗಳಲ್ಲಿ ಕಿರುಚಾಡಿದ್ದ ಇಬ್ಬರು ಹಿರಿಯರು ಅಕ್ಕಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, 'ನಿಮ್ಮ ಮಂಡಿನೋವು ಹೇಗಿದೆ?' 'ಎಣ್ಣೆ ಹಚ್ತಿದೀನಿ, ಪರವಾಗಿಲ್ಲ' ಅಂತ ಮಾತಾಡಿಕೊಳ್ಳುತ್ತಿದ್ದರು. ಹೂಳು ಎತ್ತಿಸುವುದಕ್ಕೆ ಮನೆಗಿಷ್ಟು, ಉಸ್ತುವಾರಿ ಇಂಥವರದ್ದು ಅಂತ ಕಾಫಿ ಆರುವುದರೊಳಗೆ ತೀರ್ಮಾನವೂ ಆಯಿತು. ಎದುರಿಗೆ ಮುಖ ಇದ್ದರೆ ನಾಲಗೆ ತಾನಾಗಿಯೇ ಹದಕ್ಕೆ ಬರುತ್ತದೆ. ಮರುದಿನವೇ ಜನ ಬಂದು ಹೂಳು ಎತ್ತಿದರು, ನೀರು ಸರಾಗವಾಗಿ ಹರಿಯಿತು.

ಸಭೆಯ ನಡಾವಳಿಯನ್ನು ಅಡ್ಮಿನ್ ಸಾಹೇಬರು ಗ್ರೂಪಿಗೆ ಹಾಕಿದ್ದಾರೆ. ಚರಂಡಿ ಸ್ವಚ್ಛ ಮಾಡಿಸಬೇಕೋ ಬೇಡವೋ ಅನ್ನುವ ಚರ್ಚೆ ಅಲ್ಲಿ ಇನ್ನೂ ನಡೆಯುತ್ತಿದೆ.