ಹದಿನೈದು ಅಂಕಿಯ ಜೊತೆ ಒಂದು ಮಾತುಕತೆ

ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಮೂರು ರಾಜ್ಯಗಳ ಕಾರುಗಳು ಹಾಯುವ ಇಂಥ ಊರಿನಲ್ಲಿ, ಕಾರಿನಿಂದ ಇಳಿದು ಕಣ್ತಪ್ಪಿಸಿಕೊಂಡ ನಾಯಿ ಯಾರದೆಂದು ಹೇಳುವವರಾರು? ನಾನು ಹೇಳುತ್ತೇನೆ ಎಂದು ಎದೆ ತಟ್ಟಿಕೊಂಡ ಮೈಕ್ರೋಚಿಪ್ಪನ್ನೇ ಮಾತಿಗೆಳೆದೆವು. ತಟ್ಟಿಕೊಳ್ಳಲು ಅದಕ್ಕೆ ಎದೆಯಿಲ್ಲ, ಬಿಡಿ. ನಾಯಿಯ ಹೆಗಲುಗಳ ನಡುವೆ ಚರ್ಮದಡಿ ಕೂತೇ ಉತ್ತರಿಸಿತು.

ಪ್ರಶ್ನೆ: ಸ್ವಾಮಿ, ನಿಮ್ಮನ್ನು ಹಾಕಿಸಿಬಿಟ್ಟರೆ ನಾಯಿ ಎಲ್ಲಿದೆಯೆಂದು ಮೊಬೈಲಿನಲ್ಲೇ ಕಾಣುತ್ತದಂತೆ?

ಚಿಪ್: ಯಾರೋ ನನ್ನ ಮೇಲೆ ಹೊರಿಸಿದ ಕೀರ್ತಿ ಅದು. ನನ್ನಲ್ಲಿ ಬ್ಯಾಟರಿಯಿಲ್ಲ, ಜಿಪಿಎಸ್ ಇಲ್ಲ. ಅಕ್ಕಿ ಕಾಳಿಗಿಂತ ತುಸು ದೊಡ್ಡದಾದ, ಸುಮಾರು 12 ಮಿ.ಮೀ. ಉದ್ದದ ಗಾಜಿನ ಕೊಳವೆ ನಾನು. ಗೇಣು ದೂರದೊಳಗೆ ಸ್ಕ್ಯಾನರ್ ಹಿಡಿದರೆ ಅದರ ಅಲೆಯಿಂದಲೇ ಎಚ್ಚೆತ್ತು 15 ಅಂಕಿ ಹೇಳಿ ಮತ್ತೆ ಮಲಗುತ್ತೇನೆ. ಯಜಮಾನನ ಹೆಸರಾಗಲಿ ಫೋನ್ ನಂಬರಾಗಲಿ ನನ್ನೊಳಗಿಲ್ಲ. ಅವು ಯಾವುದಾದರೂ ದಾಖಲೆಯಲ್ಲಿ ಇರಬೇಕು. ಇಲ್ಲದಿದ್ದರೆ ನಾಯಿಯ ಮೈಯಲ್ಲಿರುವುದು ಬರೀ ಗಾಜು.

ಪ್ರಶ್ನೆ: ಆ ಗಾಜಿಗೆ ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರ, ಒಂದೂವರೆ ಸಾವಿರ ಕೊಡಬೇಕಲ್ಲ?

ಚಿಪ್: ಒಮ್ಮೆ ಕೊಟ್ಟರೆ ನಾಯಿ ಇರುವಷ್ಟು ದಿನ ಇರುತ್ತೇನೆ, ಆ ಲೆಕ್ಕದಲ್ಲಿ ನಾನು ದುಬಾರಿಯಲ್ಲ. ಕೊಟ್ಟದ್ದಕ್ಕೆ ಏನು ಸಿಗುತ್ತದೆ ಎಂದು ಕೇಳಿ. ನಿಮ್ಮ ತಾಲ್ಲೂಕಿನ ಹಸುಗಳ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಬರೀ ಪ್ಲಾಸ್ಟಿಕ್. ಆದರೂ ರೈತ ಅದನ್ನು ಜೋಪಾನ ಮಾಡುತ್ತಾನೆ, ಯಾಕೆಂದರೆ ವಿಮೆಯವರು ಆ ನಂಬರು ಕೇಳುತ್ತಾರೆ, ಕಾಲುಬಾಯಿ ಜ್ವರದ ಲಸಿಕೆಯನ್ನೂ ಅದೇ ನಂಬರಿಗೆ ಬರೆದುಕೊಳ್ಳುತ್ತಾರೆ. ಸಂತಾನಹರಣ ಮಾಡಿದ ಬೀದಿನಾಯಿಯ ಕಿವಿ ತುದಿ ಕತ್ತರಿಸಿರುವುದನ್ನೂ ಕಂಡಿದ್ದೀರಿ. ಓಲೆಯನ್ನೂ ಕಿವಿಯನ್ನೂ ಬರಿಗಣ್ಣೇ ಓದುತ್ತದೆ. ನನಗೆ ಯಂತ್ರ ಬೇಕು, ಯಂತ್ರ ಹಿಡಿಯುವ ಮನುಷ್ಯ ಬೇಕು, ನಂಬರು ಹುಡುಕಲು ದಾಖಲೆ ಬೇಕು. ಮೂರರಲ್ಲಿ ಒಂದು ತಪ್ಪಿದರೂ ನೀವು ಕೊಟ್ಟ ಸಾವಿರ ದಂಡ.

ಪ್ರಶ್ನೆ: ಹಾಗಾದರೆ ಇಂಗ್ಲೆಂಡಿನವರು 2016ರಿಂದ ನಾಯಿಗೆ ಚಿಪ್ ಕಡ್ಡಾಯ ಮಾಡಿದ್ದು, ಚೆನ್ನೈ ಮಹಾನಗರ ಪಾಲಿಕೆ 2025ರಲ್ಲಿ ಅದೇ ದಾರಿ ಹಿಡಿದದ್ದು ದಡ್ಡತನವೇ?

ಚಿಪ್: ಅಲ್ಲ. ಇಂಗ್ಲೆಂಡಿನ ಪಶುವೈದ್ಯರ ಬಳಿ, ನಾಯಿಧಾಮಗಳಲ್ಲಿ ಸ್ಕ್ಯಾನರ್ ಇದೆ. ಅಲ್ಲಿಯೂ ಮನೆ ಬದಲಿಸಿದವರು ವಿಳಾಸ ಬದಲಿಸುವುದಿಲ್ಲ ಎಂಬ ಗೋಳು ತಪ್ಪಿಲ್ಲ. ಚೆನ್ನೈಯಲ್ಲಿ ನನ್ನನ್ನು ಪರವಾನಗಿಗೆ ಗಂಟು ಹಾಕಿದರು, ಹಾಗಾಗಿ ನನಗೊಂದು ಕಚೇರಿ ಸಿಕ್ಕಿತು. ನಾಯಿ ಹುಡುಕಿಕೊಡುವುದು ನನ್ನ ಸಣ್ಣ ಕೆಲಸ. ದೊಡ್ಡ ಕೆಲಸ ಯಜಮಾನನನ್ನು ಹುಡುಕಿಕೊಡುವುದು. ಮರಿಯಾಗಿದ್ದಾಗ ಮುದ್ದಾಡಿ, ಬೆಳೆದ ಮೇಲೆ ಬಂಡೀಪುರದ ಅಂಚಿನಲ್ಲಿ ಬಿಟ್ಟುಹೋದರೆ ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹಾಗೆ ಬಿಟ್ಟ ನಾಯಿ ಚಿರತೆಗೆ ಊಟವಾಗಬಹುದು, ಇಲ್ಲವೇ ಹುಚ್ಚುರೋಗವನ್ನೂ ಡಿಸ್ಟೆಂಪರ್ ಎಂಬ ಸೋಂಕುರೋಗವನ್ನೂ ಕಾಡಿಗೆ ಹೊತ್ತೊಯ್ಯಬಹುದು. ಅಪರಾಧಕ್ಕೆ ಅಪರಾಧಿಯ ಹೆಸರು ಬೇಡವೇ? ಆ ಹೆಸರಿನ ದಾರಿ ತೋರಿಸುವವನು ನಾನು.

ಪ್ರಶ್ನೆ: ನಾಯಿ ಬಿಟ್ಟುಹೋಗುವವನು ಕೈಯಾರೆ ಚಿಪ್ ಹಾಕಿಸುತ್ತಾನೆಯೇ? ಹಾಕಿಸುವವರು ಹೇಗೂ ನಾಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ.

ಚಿಪ್: ಒಪ್ಪಿದೆ, ನನ್ನ ಮೇಲಿರುವ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಆದ್ದರಿಂದ ಯಜಮಾನನ ಮರ್ಜಿಗೆ ನನ್ನನ್ನು ಬಿಡಬಾರದು, ಮರಿ ಮಾರುವವನ ಹತ್ತಿರವೇ ಹಿಡಿಯಬೇಕು. ಮಾರುವ ಮರಿಗೆ ಚಿಪ್ ಇರಬೇಕೆಂದು 2017ರ ನಾಯಿ ತಳಿ ಬೆಳೆಸುವ, ಮಾರುವ ನಿಯಮಗಳಲ್ಲೇ ಇದೆ. ಹೊಸ ಕಾನೂನೇನೂ ಬೇಡ, ಇರುವುದನ್ನು ಜಾರಿ ಮಾಡಿದರೆ ಸಾಕು.

ಪ್ರಶ್ನೆ: ಅಲ್ಲಿಯವರೆಗೆ ಗುಂಡ್ಲುಪೇಟೆಯ ನಾಯಿ ಯಜಮಾನ ಆ ಸಾವಿರ ರೂಪಾಯಿಯನ್ನು ಏನು ಮಾಡಬೇಕು?

ಚಿಪ್: ಕೆನಲ್ ಕ್ಲಬ್ಬಿನಲ್ಲಿ ನೋಂದಾಯಿಸುವವರಿಗೂ ನಾಯಿಯನ್ನು ಯುರೋಪಿಗೆ ಒಯ್ಯುವವರಿಗೂ ನಾನು ಬೇಕೇಬೇಕು, ಅವರ ಮಾತು ಬೇರೆ. ಉಳಿದವರು ಮೊದಲು ವರ್ಷ ವರ್ಷ ರೇಬಿಸ್ ಚುಚ್ಚುಮದ್ದು ಹಾಕಿಸಲಿ. ನಾಯಿಯಿಂದ ಮನುಷ್ಯರಿಗೆ ಬರುವ ರೇಬಿಸ್ಸನ್ನು 2030ರೊಳಗೆ ಇಲ್ಲವಾಗಿಸುತ್ತೇವೆಂದು ದೇಶ ಗುರಿ ಹಾಕಿಕೊಂಡಿದೆ, ಅದು ನನ್ನಿಂದ ಆಗುವ ಕೆಲಸವಲ್ಲ. ಆಮೇಲೆ ಕತ್ತಿನ ಬೆಲ್ಟಿನ ಮೇಲೆ ಫೋನ್ ನಂಬರು ಬರೆಸಲಿ. ಬೆಲ್ಟ್ ಕಳಚಬಹುದು, ನಿಜ, ಆದರೆ ಟೀ ಅಂಗಡಿಯವನೂ ಅದನ್ನು ಓದಿ ಫೋನ್ ಮಾಡಬಲ್ಲ. ದುಡ್ಡು ಮಿಕ್ಕರೆ ನಾನಿದ್ದೇನೆ.

ಚಿಪ್ಪಿನ ಈ ಮಾತನ್ನು ನಾವು ಒಪ್ಪುತ್ತೇವೆ. ಸ್ಕ್ಯಾನರ್ ಕೆಲವು ಸಾವಿರ ರೂಪಾಯಿಯ ಯಂತ್ರ. ಅದು ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ವಯನಾಡು, ಊಟಿ ದಾರಿಗಳಲ್ಲಿರುವ ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್‌ಗಳಲ್ಲೂ ಇರಲಿ, ರಾಜ್ಯಕ್ಕೆಲ್ಲ ಒಂದೇ ದಾಖಲೆ ಇರಲಿ. ಚಿಪ್ ಹಾಕಿಸಿ ಎಂದು ಜನರಿಗೆ ಹೇಳುವ ಮೊದಲು ಪಶುಪಾಲನಾ ಇಲಾಖೆ ಇಷ್ಟು ಮಾಡಲಿ.