ತಲೆ ಲೆಕ್ಕದ ಹೊರಗೊಬ್ಬ

2011ರ ಜನಗಣತಿ ನಡೆದಾಗ ನಾನು ನೌಕರಿಗೆಂದು ಹುಕ್ಕೇರಿಯ ಬಾಡಿಗೆ ಖೋಲಿಯಲ್ಲಿದ್ದೆ. ಹೆಂಡತಿ, ಮಕ್ಕಳು ಗೋಕಾಕದಲ್ಲಿ. ಪಟ್ಟಿ ಹಿಡಿದು ಬಂದ ಮಾಸ್ತರರು ಬಾಗಿಲಲ್ಲೇ ನಿಂತು, 'ನಿಮ್ಮ ಮನಿ ಗೋಕಾಕದಾಗ ಐತೆಲ್ರೀ? ಅಲ್ಲೇ ಬರಸ್ರಿ' ಎಂದು ಮುಂದಿನ ಮನೆಗೆ ನಡೆದರು. ಊರಿಗೆ ಹೋಗಿ ಕೇಳಿದರೆ, ಅಲ್ಲಿಗೆ ಬಂದಿದ್ದ ಅಕ್ಕೋರಿಗೆ ನಮ್ಮಾಕೆ 'ಅವರು ಹುಕ್ಕೇರ್ಯಾಗ ಇರ್ತಾರ್ರೀ, ಅಲ್ಲೇ ಬರಸಿರ್ತಾರ' ಎಂದು ಹೇಳಿ ಕಳಿಸಿದ್ದಳು. ಅಂತೂ 121 ಕೋಟಿ ಭಾರತೀಯರಲ್ಲಿ ನಾನಿಲ್ಲ. ಗೋಕಾಕದ ಜನಸಂಖ್ಯೆ 79 ಸಾವಿರದ ಮೇಲೆ ಚಿಲ್ಲರೆ ಎಂದು ಯಾರಾದರೂ ಅಂದಾಗ, 'ಮತ್ತ ಒಬ್ಬ' ಎಂದು ನಾಲಿಗೆಯ ತುದಿಗೆ ಬರುತ್ತದೆ.

ಒಬ್ಬ ಬಿಟ್ಟುಹೋದರೆ ಏನು ಮಹಾ ಎನ್ನಬೇಡಿ. ನಮ್ಮ ಊರುಗಳ ಮಾನಮರ್ಯಾದೆ ನಿಂತಿರುವುದೇ ತಲೆಗಳ ಮೇಲೆ. 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ ಎಂಬುದು ಸ್ಥೂಲವಾಗಿ ಕಾಯ್ದೆಯ ಮಾತು. ಹಾಗಾಗಿ ಗೋಕಾಕಕ್ಕೆ ನಗರಸಭೆ, ಮೂಡಲಗಿ ಮತ್ತು ಹುಕ್ಕೇರಿಗೆ ಪುರಸಭೆ. ನಮ್ಮಲ್ಲಿ ಕೂರುವವರು ಪೌರಾಯುಕ್ತರು, ಅವರಲ್ಲಿ ಮುಖ್ಯಾಧಿಕಾರಿಗಳು. ಗಟಾರದ ವಾಸನೆ ಮಾತ್ರ ಈ ಶ್ರೇಣಿಯನ್ನು ಮಾನ್ಯ ಮಾಡಿದಂತೆ ಕಾಣುವುದಿಲ್ಲ.

ತಲೆ ಎಣಿಸದೆಯೂ ಗತ್ತಿನಿಂದ ಇರಬಹುದು. ಮೆಕ್ಸಿಕೊ ದೇಶದ ಓಹಾಕ ಎಂಬ ರಾಜ್ಯದಲ್ಲಿ 2020ರ ಗಣತಿಯಂತೆ ಇರುವವರು ಸುಮಾರು 41 ಲಕ್ಷ ಜನ. ನಮ್ಮ ಬೆಳಗಾವಿ ಜಿಲ್ಲೆಯೊಂದೇ 2011ರಲ್ಲಿ 48 ಲಕ್ಷದ ಹತ್ತಿರ ಇತ್ತು. ಆದರೂ ಅಲ್ಲಿ 570 ಪುರಸಭೆಗಳು! ಕೆಲವುಗಳಲ್ಲಿ ಇರುವವರು ಬರೀ ಕೆಲವು ನೂರು ಜನ. ನಮ್ಮ ಓಣಿಯ ಗಣಪತಿ ಮಂಡಳಿಗೇ ಅದಕ್ಕಿಂತ ಹೆಚ್ಚು ಬಲವಿದೆ, ಅಧ್ಯಕ್ಷಗಿರಿಯ ಆಸೆಯಂತೂ ಮನೆಗಿಬ್ಬರಿಗಿದೆ.

ಹುಕ್ಕೇರಿಯವರಿಗೆ ಈ ಎಣಿಕೆಯ ಮಾತು ಅಷ್ಟು ಸೇರದು. ತಾಲೂಕು ಕೇಂದ್ರ ತಮ್ಮದು, ಜನ ಹೆಚ್ಚು ಸಂಕೇಶ್ವರದಲ್ಲಿ. ಅದಕ್ಕೂ ಬೇರೆ ಪುರಸಭೆ, ಪುಣೆ-ಬೆಂಗಳೂರು ಹೆದ್ದಾರಿ, ಸಕ್ಕರೆ ಕಾರ್ಖಾನೆ. ಮಾತು ಇಲ್ಲಿಗೆ ಬಂತೆಂದರೆ ನನ್ನ ಖೋಲಿಯ ಮಾಲೀಕರು ಥಟ್ಟನೆ ಕರೆಂಟಿನ ವಿಷಯ ಎತ್ತುತ್ತಿದ್ದರು: 'ನಮ್ಮ ಕರೆಂಟಿಗಿ ನಮ್ಮದ ಸೊಸೈಟಿ ಐತ್ರೀ!' ನಿಜವೇ. 1969ರ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಅದು. ರಾಜ್ಯದಲ್ಲಿ ಅಂಥದ್ದು ಬೇರೊಂದಿಲ್ಲ. ದೀಪ ಹೋದಾಗಲೂ ಅವರ ಅಭಿಮಾನ ಆರಿದ್ದನ್ನು ನಾನು ಕಂಡಿಲ್ಲ.

ಮೂಡಲಗಿಯವರ ಗಟ್ಟಿತನ ಬೇರೆ ಬಗೆಯದು. 2017ರಲ್ಲಿ ಹೊಸ ತಾಲೂಕುಗಳ ಪಟ್ಟಿಯಿಂದ ಊರಿನ ಹೆಸರು ಬಿದ್ದುಹೋದಾಗ ಅಂಗಡಿಗಳ ಬಾಗಿಲು ಹಾಕಿ ಬೀದಿಗಿಳಿದರು. ಕಡೆಗೆ ಸರ್ಕಾರವೇ ಮಣಿಯಿತು. ಅಲ್ಲಿಯವರೆಗೆ ಅದು ನಮ್ಮ ಗೋಕಾಕ ತಾಲೂಕಿನ ಊರು. ಈಗ ಅಲ್ಲಿಯ ನಮ್ಮ ಬೀಗರು ಗೋಕಾಕಕ್ಕೆ ಬಂದರೆ ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ, ಆದರೆ 'ಕಚೇರಿ ಕೆಲಸ ಏನಿದ್ರೂ ನಮ್ಮೂರಾಗ ಆಗ್ತೈತಿ' ಎಂದು ತಪ್ಪದೆ ಹೇಳುತ್ತಾರೆ. ಕೇಳಿ ಸಂತೋಷವೂ ಆಗುತ್ತದೆ, ಒಂಚೂರು ಉರಿಯೂ ಆಗುತ್ತದೆ.

ಮರ್ಯಾದೆ ಹಾಗಿರಲಿ, ದುಡ್ಡಿನ ಮಾತಿಗೆ ಬನ್ನಿ. ಹದಿನೈದನೆಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಹಂಚಲು ಹಿಡಿದದ್ದೂ 2011ರ ಲೆಕ್ಕವನ್ನೇ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್ಡಿನಲ್ಲಿ ನಿಂತಿತು. ಅಷ್ಟರಲ್ಲಿ ಹೊಸ ಬಡಾವಣೆಗಳೆದ್ದವು, ಸೊಸೆಯಂದಿರು ಬಂದರು, ಮೊಮ್ಮಕ್ಕಳು ಹುಟ್ಟಿದರು. ಹಳೇ ಮದುವೆಯ ಎಲೆ ಎಣಿಕೆ ಇಟ್ಟುಕೊಂಡು ಇಂದಿನ ಪಂಕ್ತಿಗೆ ಬಡಿಸಿದಂತೆ! ಆ ಹಳೇ ಎಣಿಕೆಯಲ್ಲೂ ಇಲ್ಲದ ನಾನು ದಿನಾ ನಲ್ಲಿ ನೀರು ಕುಡಿಯುತ್ತೇನೆ, ಬೀದಿದೀಪದ ಕೆಳಗೆ ನಡೆಯುತ್ತೇನೆ. ಯಾರ ಪಾಲಿನದೋ ಏನೋ. ಮನೆಪಟ್ಟಿ ವಸೂಲಿಗೆ ಬರುವವರು ಮಾತ್ರ ನನ್ನನ್ನು ಒಮ್ಮೆಯೂ ಮರೆತಿಲ್ಲ.

ಮುಂದಿನ ಗಣತಿಗೆ 2027ರ ಮಾರ್ಚ್ 1 ಎಂದು ತಾರೀಖು ಗೊತ್ತಾಗಿದೆ. ಮಾಸ್ತರರು, ಅಕ್ಕೋರು ಬಂದರೆ ಬಾಗಿಲಲ್ಲಿ ನಿಲ್ಲಿಸಬೇಡಿ. ಒಳಗೆ ಕರೆದು ಚಹಾ ಕೊಡಿ. ಊರು ಬಿಟ್ಟು ದುಡಿಯುವ ಗಂಡಂದಿರು ಯಾವ ಮನೆಯ ಲೆಕ್ಕಕ್ಕೆ ಎಂಬುದನ್ನು ಮಾತ್ರ ಗಂಡ-ಹೆಂಡತಿ ಮೊದಲೇ ಮಾತಾಡಿ ಇಟ್ಟುಕೊಳ್ಳಿ.